ಹಳೇ ವರ್ಷನ್ನಿನ ನಾಲ್ಕು ಹಲ್ಲು

ತುತ್ತೂರಿಯವನ ಮೇಲಿನ ನಾಲ್ಕು ಮುಂಬಲ್ಲು ಹೋದದ್ದು ಫುಟ್‌ಬಾಲ್ ಮೈದಾನದಲ್ಲಿ. ಆಡುವಾಗ ಅಲ್ಲ, ನೋಡುವಾಗ. ರೆಫರಿಯ ಕಣ್ಣಿನ ಬಗ್ಗೆಯೂ ಅವನ ವಂಶದ ಬಗ್ಗೆಯೂ ಏನೋ ಕೂಗಲು ಬಾಯಿ ತೆರೆದಾಗ, ಮಾತಿಗಿಂತ ಮೊದಲು ಹಲ್ಲು ಹಾರಿ ಕೆಳಗಿನ ಸಾಲಿನವರ ಕಾಲಬುಡದಲ್ಲಿ ಬಿದ್ದವು. ಅದೇ ಹೊತ್ತಿಗೆ ಗೋಲಾಯಿತು. ಕೆಳಗಿನ ಸಾಲಿನವರೆಲ್ಲ ಎದ್ದು ಕುಣಿದರು. ಕುಣಿತ ಮುಗಿದ ಮೇಲೆ ಉಳಿದಿದ್ದ ಪುಡಿಯನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು, ಸೋಮವಾರ ಬೆಳಿಗ್ಗೆ ಆತ ನಮ್ಮ ಕಾರ್ಯಾಗಾರದ ಮೆಟ್ಟಿಲು ಹತ್ತಿ ಬಂದ.

ಅವು ಹುಟ್ಟು ಹಲ್ಲುಗಳಲ್ಲ, ನಾವೇ ಮಾಡಿಕೊಟ್ಟವು. ಅಂಟು ಸಡಿಲವಾಗಿದೆ ಎಂದು ಆತನಿಗೆ ಮೊದಲೇ ಗೊತ್ತಿತ್ತಂತೆ. ನಾಳೆ ಹೋದರಾಯಿತು, ನಾಡಿದ್ದು ಹೋದರಾಯಿತು ಎಂದುಕೊಂಡೇ ಇದ್ದನಂತೆ. ಹಲ್ಲಿನ ವಿಷಯ ಬಂದಾಗ ಇಡೀ ಮನುಷ್ಯಕುಲ ಒಂದೇ ಕುಟುಂಬ.

ನಮ್ಮ ಕಾರ್ಯಾಗಾರ ಎಂದು ಸಲಿಗೆಯಿಂದ ಹೇಳಿದೆ. ಅದು ನನ್ನ ತಂಗಿಯ ಮಗಳದ್ದು. ಕೆಳಗಿನ ಮಹಡಿಯಲ್ಲಿ ದಂತವೈದ್ಯರು ಹಲ್ಲು ಕೀಳುತ್ತಾರೆ, ಮೇಲಿನ ಮಹಡಿಯಲ್ಲಿ ನಾವು ಮಾಡುತ್ತೇವೆ. ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡಿ ನಿವೃತ್ತಳಾದ ನನಗೆ ಇಲ್ಲಿ ಬಣ್ಣ ಹೊಂದಿಸುವ ಕೆಲಸ. ಹಲ್ಲಿನ ಬಿಳಿ ಎಂದರೆ ಒಂದೇ ಬಿಳಿಯಲ್ಲ. ಚಹಾ ಕುಡಿಯುವವರ ಬಿಳಿ ಬೇರೆ, ಸಿಗರೇಟು ಸೇದುವವರ ಬಿಳಿ ಬೇರೆ, ಸಿಗರೇಟು ಬಿಟ್ಟಿದ್ದೇನೆ ಎಂದು ಹೆಂಡತಿಗೆ ಹೇಳಿದವರ ಬಿಳಿ ಇನ್ನೂ ಬೇರೆ. ಕಿಟಕಿಯ ಬಳಿ ಕೂರಿಸಿ, ಬಾಯಿ ತೆರೆಸಿ ನೋಡಿದರೆ ನನಗೆ ಬಹಳ ಸಂಗತಿ ತಿಳಿಯುತ್ತದೆ. ಯಾರಿಗೂ ಹೇಳುವುದಿಲ್ಲ.

ಮಗಳು (ತಂಗಿಯ ಮಗಳಾದರೂ ನನಗೆ ಮಗಳೇ) ಬಾಯಿ ಮುಚ್ಚಿಕೊಂಡು ನಿಂತಿದ್ದ ಆತನನ್ನು ನೋಡಿದವಳೇ, ಎದುರಿನ ಕನ್ನಡಿಯನ್ನು ಗೋಡೆಯ ಕಡೆ ತಿರುಗಿಸಿದಳು. ಆಮೇಲೆ ತಲೆ ಆಡಿಸಿ ಉತ್ತರ ಹೇಳುವಂಥ ಪ್ರಶ್ನೆಗಳನ್ನು ಮಾತ್ರ ಕೇಳಿದಳು. ನೋವಿದೆಯಾ? ರಕ್ತ ಬಂತಾ? ಕೆಳಗಿನ ಡಾಕ್ಟರು ನೋಡಿದ್ರಾ? ಮುಂಬಲ್ಲಿಲ್ಲದವರನ್ನು ಮಾತಾಡಿಸಬಾರದು ಎಂಬುದು ಅವಳು ಯಾರಿಂದಲೂ ಕಲಿತದ್ದಲ್ಲ. ಆದರೆ ತುತ್ತೂರಿಯವನಿಗೆ ಹೇಳಲೇಬೇಕಾದದ್ದಿತ್ತು. ಆತನ ಮಾತು ಹೇಗೆ ಕೇಳಿಸಿತೋ ಹಾಗೆ ಬರೆಯುವುದು ನನ್ನಿಂದಾಗದು. ಹಲ್ಲಿದ್ದವರ ಮಾತಿನಂತೆಯೇ ಬರೆಯುತ್ತೇನೆ.

"ಗುರುವಾರ ಮಧ್ಯಾಹ್ನ ನನ್ನ ಪರೀಕ್ಷೆ ಇದೆ ಮೇಡಂ. ವಾದ್ಯವೃಂದಕ್ಕೆ ಹೊಸ ನಿರ್ದೇಶಕರು ಬಂದಿದಾರೆ. ಎಲ್ಲರೂ ಮತ್ತೆ ನುಡಿಸಿ ತೋರಿಸಬೇಕಂತೆ. ನುಡಿಸದೆ ಇದ್ರೆ ಕುರ್ಚಿ ಹೋಯ್ತು. ಹೊರಗಡೆ ಇಪ್ಪತ್ತರ ಹುಡುಗರು ಸಾಲುಗಟ್ಟಿ ನಿಂತಿದಾರೆ, ಒಬ್ಬೊಬ್ಬರಿಗೂ ಬಾಯ್ತುಂಬ ಹಲ್ಲು. ನನ್ನ ವಯಸ್ಸಿನವನನ್ನ ಇನ್ನೆಲ್ಲಿ ತಗೋತಾರೆ?"

"ಗುರುವಾರ ಬೆಳಿಗ್ಗೆ ಹೊತ್ತಿಗೆ ಹಲ್ಲು ಕೊಟ್ರೆ ಸಾಕಲ್ವಾ?" ಎಂದಳು ಮಗಳು.

"ಹಲ್ಲು ಅಲ್ಲ ಮೇಡಂ. ಅದೇ ಹಲ್ಲು. ಅಂಥದ್ದು ಬೇಡ, ಅದೇ ಬೇಕು. ತುತ್ತೂರಿ ಊದೋದು ಉಸಿರಲ್ಲಿ ಅಂತ ಜನ ತಿಳ್ಕೊಂಡಿದಾರೆ. ತುಟಿ ಕೂರೋದು ಹಲ್ಲಿನ ಮೇಲೆ. ಹಲ್ಲು ಒಂದು ಕೂದಲೆಳೆ ಆಚೆ ಹೋದ್ರೂ ಸ್ವರ ಸಿಗಲ್ಲ. ನೀವು ಕೊಟ್ಟ ಹಲ್ಲಿಗೆ ತುಟಿ ಒಗ್ಗೋದಕ್ಕೆ ನನಗೆ ಒಂದು ವರ್ಷ ಹಿಡೀತು."

"ಅದೇ ಕೊಡ್ತೀವಿ, ಅದಕ್ಕೇನಂತೆ!" ಎಂಬ ಧ್ವನಿ ಒಳಕೋಣೆಯಿಂದ ಬಂತು. "ಕೂದಲೆಳೆ ಅಲ್ಲ, ಕೂದಲೆಳೇಲಿ ನೂರನೇ ಪಾಲೂ ಆಚೀಚೆ ಆಗಲ್ಲ!"

ಅದು ನಮ್ಮ ಅಳಿಯ, ಮಗಳ ಗಂಡ. ಕಾರ್ಯಾಗಾರದ ಕಂಪ್ಯೂಟರು, ಹಲ್ಲು ಕೊರೆಯುವ ಯಂತ್ರ, ಕುಲುಮೆ, ಎಲ್ಲವೂ ಅವನ ಸುಪರ್ದಿನಲ್ಲಿವೆ. ಒಳ್ಳೆಯ ಹುಡುಗ. ಅವನದ್ದು ಒಂದೇ ದೋಷ, ಕಂಪ್ಯೂಟರಿನ ಆಪರೇಟಿಂಗ್ ಸಿಸ್ಟಂ ಬಗ್ಗೆ ಅವನಿಗೆ ಭಕ್ತಿ. ಭಕ್ತರ ಜೊತೆ ಊಟಕ್ಕೆ ಕೂತವರಿಗೆ ಗೊತ್ತಿರುತ್ತದೆ, ತುತ್ತಿಗೊಂದು ಉಪದೇಶ ಬರುತ್ತದೆ.

ಅವನ ಉಪದೇಶದ ಸಾರ ಇಷ್ಟು. ಬೇರೆಯವರು ತಮ್ಮ ಕಂಪ್ಯೂಟರಿಗೆ ಬೇಕೆನಿಸಿದ್ದನ್ನು ಆಗಾಗ ತಂದು ತುರುಕುತ್ತಾರೆ. ವರ್ಷ ಕಳೆಯುವುದರೊಳಗೆ ಒಳಗೆ ಏನಿದೆ, ಯಾಕಿದೆ ಎಂದು ತುರುಕಿದವರಿಗೇ ನೆನಪಿರುವುದಿಲ್ಲ. ನಮ್ಮದರಲ್ಲಿ ಹಾಗಿಲ್ಲ. ಯಂತ್ರ ಹೇಗಿರಬೇಕು ಎಂದು ಬರೆದಿಡಬೇಕು, ಅದು ಬರೆದಂತೆ ತಾನಾಗಿಯೇ ಆಗುತ್ತದೆ. ಬರೆಯದೆ ಇರುವುದು ಇರುವುದಿಲ್ಲ. (ಮದುವೆಗೆ ಮುಂಚೆ ಗಂಡ ಹೇಗಿರಬೇಕೆಂದು ನಾನೂ ಬರೆದಿಟ್ಟಿದ್ದೆ. ಬಂದವರು ಬಂದ ಹಾಗೇ ಇದ್ದರು.) ಬರೆಯುವುದನ್ನೂ ಒಂದೇ ಕಡೆ ರಾಶಿ ಹಾಕಬಾರದು, ಅಡುಗೆಮನೆಯ ಡಬ್ಬಿಗಳ ಹಾಗೆ ವಿಂಗಡಿಸಿ ಇಡಬೇಕು. ಆ ಡಬ್ಬಿಗಳಿಗೆ ಮಾಡ್ಯೂಲ್ ಎಂದು ಹೆಸರು. ಬಾಯಿಯ ಅಳತೆ ತೆಗೆಯುವ ಸ್ಕ್ಯಾನರಿಗೆ ಒಂದು, ಕೊರೆಯುವ ಯಂತ್ರಕ್ಕೆ ಒಂದು, ಕುಲುಮೆಗೆ ಒಂದು. 'ದೊಡ್ಡಮ್ಮ' ಎಂಬ ಮಾಡ್ಯೂಲೂ ಇದೆ. ಅದರಲ್ಲಿ ಅಕ್ಷರ ದೊಡ್ಡದಿರಬೇಕು, ಇಸ್ಪೀಟಿನ ಆಟ ಇರಬೇಕು, ಯಾವ ಕಾರಣಕ್ಕೂ ಟಿಣ್ ಎನ್ನಬಾರದು ಎಂದು ಬರೆದಿದ್ದಾನೆ. ನನ್ನನ್ನು ಕೇಳದೆ ಮಾಡಿದ್ದು. ಅವನ ಉಪದೇಶವನ್ನು ನಾನು ಸಹಿಸಿಕೊಳ್ಳುವುದು ಇಂಥ ಕಾರಣಕ್ಕೆ.

ಎಲ್ಲಕ್ಕಿಂತ ಮುಖ್ಯವಾದದ್ದು ಮೊಳೆ. ಒಂದೊಂದು ಪ್ರೋಗ್ರಾಮಿನ ವರ್ಷನ್ನನ್ನೂ ಮೊಳೆ ಹೊಡೆದು ಕೂರಿಸಬೇಕು. ಇಂಥ ವರ್ಷನ್, ಇಂಥ ಕಡೆ ಸಿಗುತ್ತದೆ, ಅದರ ಬೆರಳಚ್ಚು ಇದು ಎಂದು ಬರೆದಿಟ್ಟರೆ, ಹತ್ತು ವರ್ಷ ಬಿಟ್ಟು ಕೇಳಿದರೂ ಅದೇ ಯಂತ್ರ ಎದ್ದು ನಿಲ್ಲುತ್ತದೆ.

"ತುತ್ತೂರಿಯವರ ಅಳತೆ ನಮ್ಮಲ್ಲಿ ಜೋಪಾನವಾಗಿದೆ. ಕೊರೆಯೋ ಪ್ರೋಗ್ರಾಂಗೆ ಮೊಳೆ ಬಿದ್ದಿದೆ. ಅದೇ ಹಲ್ಲು ಬಂದೇ ಬರುತ್ತೆ," ಎಂದು ಅಳಿಯ ಆತನ ಬೆನ್ನು ತಟ್ಟಿ ಕಳಿಸಿದ.

ಹಲ್ಲು ಮಾಡುವ ಬಿಳಿಯ ಗಟ್ಟಿಯನ್ನು ಕೊರೆಯುವಾಗ ಅದು ಸೀಮೆಸುಣ್ಣದಷ್ಟು ಮೆದು. ಕೊರೆದದ್ದನ್ನು ಕುಲುಮೆಯಲ್ಲಿ ಸುಟ್ಟರೆ ಕಲ್ಲಾಗುತ್ತದೆ, ಕಲ್ಲಾಗುವಾಗ ಕುಗ್ಗುತ್ತದೆ. ಆದ್ದರಿಂದ ಎಷ್ಟು ಕುಗ್ಗುತ್ತದೋ ಅಷ್ಟು ದೊಡ್ಡದಾಗಿ ಕೊರೆಯಬೇಕು, ಸುಮಾರು ಕಾಲು ಪಾಲಿನಷ್ಟು. ಕುಲುಮೆಗೆ ಹೋಗುವ ಹಲ್ಲು ಯಾವಾಗಲೂ ನೋಡಲು ವಿಕಾರ. ನಮ್ಮಲ್ಲಿ ಯಾರಿಗೂ ಅದರ ಮೇಲೆ ಕಣ್ಣು ನಿಲ್ಲುವುದಿಲ್ಲ. ಅಂದು ಸಂಜೆ ಟ್ರೇಯಲ್ಲಿದ್ದ ನಾಲ್ಕು ಹಲ್ಲು ಎಂದಿಗಿಂತ ತುಸು ಹೆಚ್ಚೇ ವಿಕಾರವಾಗಿವೆ ಎಂದು ನನಗೆ ಅನ್ನಿಸಿತ್ತೇನೋ; ಆದರೆ ನೋಡಿದ ಕೂಡಲೆ ಮರೆತೆ. ಮಗಳೂ ನೋಡಿದಳು, ಮುಚ್ಚಳ ಹಾಕಿದಳು.

ಮಂಗಳವಾರ ಬೆಳಿಗ್ಗೆ ಮಗಳು ಕುಲುಮೆ ತೆರೆದಳು. ಇಕ್ಕಳದಲ್ಲಿ ಹಲ್ಲು ಹಿಡಿದು ಗಂಡನ ಮೂಗಿನ ಕೆಳಗೆ ತಂದಳು.

"ಇದು ಯಾರದ್ದು?"

"ತುತ್ತೂರಿಯವರದ್ದು."

"ಅವರು ಹುಲ್ಲು ತಿಂತಾರಾ?"

ಅಳಿಯ ಅಳತೆಪಟ್ಟಿ ತಂದ. ಹಲ್ಲು ಕಾಲು ಪಾಲು ದೊಡ್ಡದಿತ್ತು. ಸುಡುವ ಮುಂಚೆ ಇರಬೇಕಾದ ಗಾತ್ರ ಸುಟ್ಟು ಕುಗ್ಗಿದ ಮೇಲೂ ಇತ್ತು. ಅವನು ಕಂಪ್ಯೂಟರಿನ ಮುಂದೆ ಕೂತ. ಅವನ ಬೆನ್ನು ಮೊದಲು ನೆಟ್ಟಗಿದ್ದದ್ದು ಆಮೇಲೆ ಬಾಗುತ್ತಾ ಬಂತು. ಬೆನ್ನು ನೋಡಿಯೇ ನನಗೆ ಗೊತ್ತಾಯಿತು. ಪರೀಕ್ಷೆಯ ಕೋಣೆಯಲ್ಲಿ ಅಂಥ ಬೆನ್ನುಗಳನ್ನು ಸಾಕಷ್ಟು ನೋಡಿದ್ದೇನೆ.

"ಶನಿವಾರ ರಾತ್ರಿ ಒಂದು ಸಣ್ಣ ಅಪ್‌ಡೇಟ್ ಮಾಡಿದ್ದೆ," ಎಂದ.

"ಮೊಳೆ ಹೊಡೆದಿದೆ ಅಂದೆ?"

"ಹೊಡೆದಿದೆ. ಮೊಳೆ ಕಿತ್ತಿಲ್ಲ. ಸ್ವಲ್ಪ ಮುಂದಕ್ಕೆ ಸರಿಸಿದೆ."

"ಯಾಕೆ ಸರಿಸಿದೆ?"

"ಹೊಸದರ ಪರದೆ ತುಂಬಾ ಚೆನ್ನಾಗಿತ್ತು ಕಣೆ. ತಿಳಿ ನೀಲಿ. ಹಲ್ಲು ಹಾಗೇ ತಿರುಗುತ್ತೆ."

ಆದದ್ದು ಇಷ್ಟು. ಹಳೆಯ ಪ್ರೋಗ್ರಾಮಿಗೆ ಕುಗ್ಗುವಿಕೆಯ ಲೆಕ್ಕ ಗೊತ್ತಿರಲಿಲ್ಲ. 'ಕಾಲು ಪಾಲು ದೊಡ್ಡದು ಮಾಡು' ಎಂಬ ಸಾಲನ್ನು ಅಳಿಯನೇ ಕುಲುಮೆಯ ಮಾಡ್ಯೂಲಿನಲ್ಲಿ ಬರೆದಿದ್ದ. ಹೊಸ ವರ್ಷನ್ ಬುದ್ಧಿವಂತ. ಅದು ತಾನೇ ದೊಡ್ಡದು ಮಾಡಿಕೊಳ್ಳುತ್ತದೆ. ಅದೂ ಮಾಡಿತು, ಇದೂ ಮಾಡಿತು. ಡಬ್ಬಿ ಬೇರೆ ಬೇರೆಯಾದ್ದರಿಂದ ಒಂದು ಮಾಡಿದ್ದು ಇನ್ನೊಂದಕ್ಕೆ ತಿಳಿಯಲಿಲ್ಲ. ಒಂದೇ ಪಾತ್ರೆಯ ಸಾರಿಗೆ ಅತ್ತೆ ಒಮ್ಮೆ, ಸೊಸೆ ಒಮ್ಮೆ ಉಪ್ಪು ಹಾಕಿದ ಹಾಗೆ.

"ಸರಿ, ಹಳೇದಕ್ಕೆ ವಾಪಸ್ ಹೋಗು," ಎಂದಳು ಮಗಳು. "ಯಾವಾಗ ಬೇಕಾದ್ರೂ ಒಂದೇ ಗುಂಡಿ ಒತ್ತಿ ನಿನ್ನೆಗೆ ಹೋಗಬಹುದು ಅಂತ ಊಟ ಮಾಡೋವಾಗೆಲ್ಲ ಹೇಳ್ತೀಯಲ್ಲ."

"ಹೋಗಬಹುದಿತ್ತು."

"ಬಹುದಿತ್ತು?"

"ಡಿಸ್ಕಲ್ಲಿ ಜಾಗ ಇರಲಿಲ್ಲ. ಹಳೇದನ್ನೆಲ್ಲ ಗುಡಿಸಿ ಹಾಕಿದೆ."

ಮಗಳು ಹಲ್ಲು ಕಡಿದಳು. ಆದರೂ ಕೂಗಾಡಲಿಲ್ಲ. ಗಂಡನ ಪಕ್ಕದಲ್ಲಿ ಸ್ಟೂಲು ಎಳೆದುಕೊಂಡು ಕೂತಳು. ಅವನು ಕುಲುಮೆಯ ಮಾಡ್ಯೂಲಿನಿಂದ ಆ ಸಾಲನ್ನು ತೆಗೆದ, ಮತ್ತೆ ಕೊರೆದರು, ಮತ್ತೆ ಸುಟ್ಟರು. ಬುಧವಾರ ಬೆಳಿಗ್ಗೆ ಹಲ್ಲು ಸರಿಯಾದ ಗಾತ್ರದಲ್ಲಿ ಹೊರಬಂತು. ಬಣ್ಣ ನಾನು ಹಾಕಿದೆ. ನನ್ನ ಕೆಲಸವನ್ನು ನಾನೇ ಹೊಗಳಿಕೊಳ್ಳಬಾರದು, ಆದರೆ ಚೆನ್ನಾಗಿತ್ತು.

ತುತ್ತೂರಿಯವನು ಅದನ್ನು ತಾತ್ಕಾಲಿಕವಾಗಿ ಕೂರಿಸಿಕೊಂಡು ಕನ್ನಡಿ ನೋಡಿಕೊಂಡ. ಹತ್ತು ವರ್ಷ ಚಿಕ್ಕವನಾಗಿ ಕಂಡ. ಪೆಟ್ಟಿಗೆಯಿಂದ ತುತ್ತೂರಿ ತೆಗೆದು ತುಟಿಗಿಟ್ಟ.

ಬಂದ ಶಬ್ದವನ್ನು ಹೇಗೆ ವರ್ಣಿಸಲಿ? ಸಭ್ಯರ ಮನೆಯಲ್ಲಿ ಅಂಥ ಶಬ್ದ ಬಂದರೆ ಎಲ್ಲರೂ ಕಿಟಕಿಯಾಚೆ ನೋಡುತ್ತಾರೆ. ನಾವೂ ಕಿಟಕಿಯಾಚೆ ನೋಡಿದೆವು. ಆತ ತುಟಿ ಒರೆಸಿಕೊಂಡು ಇನ್ನೊಮ್ಮೆ ಊದಿದ, ಮತ್ತೂ ಒಮ್ಮೆ ಊದಿದ. ಕತ್ತಿನ ನರ ಉಬ್ಬಿತು. ಸ್ವರ ಮಾತ್ರ ಬರಲಿಲ್ಲ.

"ಹಲ್ಲು ತುಂಬಾ ಚೆನ್ನಾಗಿದೆ ಮೇಡಂ," ಎಂದ ಕೊನೆಗೆ. "ಆದ್ರೆ ಇದು ನನ್ನದಲ್ಲ. ಯಾರೋ ಸಿನಿಮಾ ನಟನದ್ದು."

ಹಳೆಯ ಪ್ರೋಗ್ರಾಂ ಅಂಚನ್ನು ಒರಟೊರಟಾಗಿ ಕೊರೆಯುತ್ತಿತ್ತು. ನಡುವಿನ ಎರಡು ಹಲ್ಲುಗಳ ಮಧ್ಯೆ ಒಂದು ಸಣ್ಣ ಸಂದು ಬಿಡುತ್ತಿತ್ತು. ಆತನ ತುಟಿ ಆ ಒರಟಿನಲ್ಲೇ ಮನೆ ಮಾಡಿಕೊಂಡಿತ್ತು. ಬುದ್ಧಿವಂತ ವರ್ಷನ್ ಸಂದು ಮುಚ್ಚಿ, ಅಂಚು ನಯ ಮಾಡಿ, ಎಡಬಲ ಸಮ ಮಾಡಿ ಕೊಟ್ಟಿತ್ತು. ಕೇಳದವರನ್ನೂ ತಿದ್ದುವ ಜನರಿರುತ್ತಾರಲ್ಲ, ಹಾಗೆ. ಮಗಳು ಅರದಿಂದ ಇಲ್ಲಿ ಒಂದಿಷ್ಟು, ಅಲ್ಲಿ ಒಂದಿಷ್ಟು ಉಜ್ಜಿ ನೋಡಿದಳು. ಹಳೆಯ ಹಲ್ಲು ಪುಡಿಯಾಗಿದ್ದರಿಂದ ಎದುರಿಗಿಟ್ಟುಕೊಳ್ಳಲು ಮಾದರಿ ಇರಲಿಲ್ಲ. ಪ್ರತಿ ಸಲ ಉಜ್ಜಿದಾಗಲೂ ಆತ ಊದುತ್ತಿದ್ದ. ಪ್ರತಿ ಸಲವೂ ನಾವು ಕಿಟಕಿಯಾಚೆ ನೋಡುತ್ತಿದ್ದೆವು.

ಆತ ತುತ್ತೂರಿಯನ್ನು ಪೆಟ್ಟಿಗೆಯಲ್ಲಿ ಮಲಗಿಸಿ ಮುಚ್ಚಳ ಹಾಕಿದ. ಮನೆಗೆ ಹೋಗಲಿಲ್ಲ. ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಬೆಂಚಿನ ಮೇಲೆ ಕೂತುಬಿಟ್ಟ. ದೂರಲಿಲ್ಲ, ಗದರಲಿಲ್ಲ. ಗದರಿದ್ದರೆ ಚೆನ್ನಾಗಿತ್ತು.

ಅಳಿಯ ಹಳೆಯ ವರ್ಷನ್ ಹುಡುಕಲು ಕೂತ. ಮೊಳೆ ಎಲ್ಲಿತ್ತು, ಬೆರಳಚ್ಚು ಏನು ಎಂಬುದೆಲ್ಲ ಅವನ ಬಳಿ ಇತ್ತು. ಆದರೆ ಪ್ರೋಗ್ರಾಂ ಮಾಡಿದ ಕಂಪನಿ ಹೊಸ ವಿಳಾಸಕ್ಕೆ ಹೋಗುವಾಗ ಹೊಸದನ್ನಷ್ಟೇ ಕೊಂಡೊಯ್ದಿತ್ತು. ಇಂಟರ್ನೆಟ್ಟಿನ ಹಳೆಯ ವಿಳಾಸದಲ್ಲಿ ಈಗ ಯಾರೋ ನಾಯಿಗಳಿಗೆ ಸ್ವೆಟರ್ ಮಾರುತ್ತಿದ್ದರು.

"ಇನ್ನೆಲ್ಲೂ ಇಲ್ವಾ?" ಎಂದಳು ಮಗಳು.

ಅಳಿಯ ನನ್ನ ಮುಖ ನೋಡಿದ. ನಾನು ಬಣ್ಣದ ಕುಂಚ ತೊಳೆಯತೊಡಗಿದೆ.

"ಒಂದು ಕಡೆ ಇದೆ," ಎಂದ. "ನಿಮ್ಮಣ್ಣನ ಹತ್ರ."

ಇಲ್ಲಿ ಸ್ವಲ್ಪ ನಿಂತು ಅಣ್ಣನ ವಿಷಯ ಹೇಳಬೇಕು. ಮಗಳಿಗೆ ಒಬ್ಬನೇ ಅಣ್ಣ. ಅವನೂ ಹಲ್ಲು ಮಾಡುವವನೇ, ಊರಿನ ಇನ್ನೊಂದು ತುದಿಯಲ್ಲಿ. ಇಬ್ಬರೂ ಕೆಲಸ ಕಲಿತದ್ದು ಅವರಪ್ಪನ ಬಳಿ. ಅಪ್ಪನಿಗೆ ವಯಸ್ಸಾಗಿ ಹಲ್ಲು ಹೋದಾಗ ಇಬ್ಬರೂ ಪೈಪೋಟಿಯ ಮೇಲೆ ಒಂದೊಂದು ಸೆಟ್ಟು ಮಾಡಿಕೊಟ್ಟರು. ಆತ ಜಾಣ, ಯಾರು ಮನೆಗೆ ಬಂದರೆ ಅವರ ಸೆಟ್ಟು ಹಾಕಿಕೊಳ್ಳುತ್ತಿದ್ದ, ಯಾರೂ ಇಲ್ಲದಾಗ ಎರಡನ್ನೂ ಲೋಟದಲ್ಲಿ ಮುಳುಗಿಸಿ ಬೊಚ್ಚುಬಾಯಲ್ಲಿ ಸುಖವಾಗಿರುತ್ತಿದ್ದ. ಆತ ತೀರಿಕೊಂಡ ದಿನ, ಬಾಯಲ್ಲಿ ಯಾರ ಹಲ್ಲು ಇರಬೇಕೆಂದು ಅಣ್ಣ ತಂಗಿ ಜಗಳ ತೆಗೆದರು. ಜನ ನೋಡಲು ಬಂದು ಹೊರಗೆ ನಿಂತಿದ್ದರು. ನನ್ನ ತಂಗಿ ರೋಸಿಹೋಗಿ, ಮೇಲಿನದು ಮಗಳದ್ದು, ಕೆಳಗಿನದು ಮಗನದ್ದು ಎಂದು ತೀರ್ಪು ಕೊಟ್ಟಳು. ಎರಡಕ್ಕೂ ಹೊಂದಿಕೆಯಾಗದೆ ದವಡೆ ವಾರೆಯಾಗಿ, ಪುಣ್ಯಾತ್ಮ ನಗು ತಡೆದುಕೊಂಡು ಮಲಗಿದ ಹಾಗೆ ಕಂಡ. ಬಂದವರಲ್ಲಿ ಒಬ್ಬರು ನಕ್ಕೇಬಿಟ್ಟರು. ಅಂದಿನಿಂದ ಅಣ್ಣ ತಂಗಿಗೆ ಮಾತಿಲ್ಲ.

ಅಣ್ಣನ ಕಾರ್ಯಾಗಾರದ ಕಂಪ್ಯೂಟರನ್ನು ಹೊಂದಿಸಿಕೊಟ್ಟವನೂ ಅಳಿಯನೇ, ಒಳ್ಳೆಯ ದಿನಗಳಲ್ಲಿ. ಅವೇ ಮಾಡ್ಯೂಲುಗಳು, ಅವೇ ಮೊಳೆಗಳು.

"ಅವನು ಇನ್ನೂ ಅದನ್ನೇ ಇಟ್ಕೊಂಡಿದಾನೆ ಅಂತ ನಿನಗೆ ಹೇಗೆ ಗೊತ್ತು?" ಎಂದಳು ಮಗಳು.

"ಹೋದ ತಿಂಗಳು ಹೋಗಿದ್ದೆ."

"ಯಾಕೆ?"

"ಪ್ರಿಂಟರ್ ಕೆಟ್ಟಿತ್ತಂತೆ."

"ಅದರ ಹಿಂದಿನ ತಿಂಗಳು?"

"ಆಗಲೂ ಪ್ರಿಂಟರ್ರೇ," ಎಂದ ಅಳಿಯ, ನೆಲ ನೋಡುತ್ತ. "ಅವನು ಯಾವುದನ್ನೂ ಬದಲಾಯಿಸಿಲ್ಲ. ಅಪ್‌ಡೇಟ್ ಅಂದ್ರೆ ಓಡಿಹೋಗ್ತಾನೆ. ಗಡಿಯಾರ ಒಂದು ಗಂಟೆ ಹಿಂದೆ ಇದೆ, ಅದನ್ನೂ ಸರಿ ಮಾಡ್ಕೊಂಡಿಲ್ಲ."

"ಅವನು ಕೊಟ್ಟಿದ್ದನ್ನ ನಂಬೋದು ಹೇಗೆ? ಏನಾದ್ರೂ ಕೆದಕಿ ಇಟ್ಟಿದ್ರೆ?"

"ಅವನನ್ನ ನಂಬೋದೇ ಬೇಡ. ಬೆರಳಚ್ಚು ನನ್ನ ಹತ್ರ ಇದೆಯಲ್ಲ. ಒಂದಕ್ಷರ ಬದಲಾಗಿದ್ರೂ ನಮ್ಮ ಮೆಷೀನು ಒಳಗೆ ಬಿಟ್ಕೊಳಲ್ಲ. ನಾನೇ ಫೋನ್ ಮಾಡಲಾ?"

ಮಗಳು ಬೆಂಚಿನ ಕಡೆ ನೋಡಿದಳು. ತುತ್ತೂರಿಯವನು ನಮ್ಮ ಮಾತು ಕೇಳಿಸದವನ ಹಾಗೆ ಪೆಟ್ಟಿಗೆಯ ಕೊಂಡಿಯನ್ನು ಹಾಕುತ್ತ, ತೆಗೆಯುತ್ತ ಕೂತಿದ್ದ. ಅವಳು ಕೈಗವಸು ಬಿಚ್ಚಿ ತಾನೇ ಫೋನ್ ತೆಗೆದುಕೊಂಡಳು. ಅಣ್ಣನ ದನಿ ಮೊದಲಿನಿಂದಲೂ ದೊಡ್ಡದು, ನಮಗೆಲ್ಲ ಕೇಳುತ್ತಿತ್ತು.

"ನಾನು," ಎಂದಳು.

"ನಾನು ಅಂದ್ರೆ?"

"ನಾಟಕ ಬೇಡ. ಕೊರೆಯೋ ಪ್ರೋಗ್ರಾಂ ಹಳೇದು ನಿನ್ನ ಹತ್ರ ಇದೆಯಾ?"

"ಇದೆ. ಯಾಕೆ, ಹೊಸದು ಕಚ್ಚಿತಾ?"

"ಕೊಡ್ತೀಯಾ, ಇಲ್ವಾ?"

"ಬೇಡ್ಕೋ."

ಅಳಿಯ ಕಣ್ಣು ಮುಚ್ಚಿಕೊಂಡ. ಮಗಳ ಕಿವಿ ಕೆಂಪಾಯಿತು. ಅವಳಿಗೆ ಹಟ ಎಷ್ಟೆಂದರೆ, ಚಿಕ್ಕವಳಿದ್ದಾಗ 'ತಪ್ಪಾಯ್ತು' ಅನ್ನುವ ಬದಲು ಊಟ ಬಿಟ್ಟು ಮಲಗುತ್ತಿದ್ದಳು. ಬೆಂಚಿನ ಮೇಲಿದ್ದವನ ಕಡೆ ಇನ್ನೊಮ್ಮೆ ನೋಡಿದಳು.

"ಬೇಡ್ಕೋತಾ ಇದೀನಿ," ಎಂದಳು. "ನನಗಲ್ಲ. ತುತ್ತೂರಿ ಊದೋರೊಬ್ಬರು ಇಲ್ಲಿ ಕೂತಿದಾರೆ. ನಾಳೆ ನುಡಿಸದೆ ಇದ್ರೆ ಅವರ ಕೆಲಸ ಹೋಗುತ್ತೆ."

ಆ ಕಡೆ ಏನೋ ಎಳೆದಿಟ್ಟ ಸದ್ದಾಯಿತು. ಫೋನಿಟ್ಟುಬಿಟ್ಟನೇ ಎಂದುಕೊಂಡೆ.

"ಸುಮ್ನೆ ಅಂದೆ ಕಣೆ," ಎಂದ ಅಣ್ಣ, ದನಿ ತಗ್ಗಿಸಿ. "ಬರ್ತಾ ಇದೀನಿ."

ಬಂದ. ಇಡೀ ಕಂಪ್ಯೂಟರನ್ನೇ ಟವೆಲಿನಲ್ಲಿ ಸುತ್ತಿ, ಎದೆಗೆ ಅವಚಿಕೊಂಡು, ಉಸಿರು ಬಿಡುತ್ತ ಮೆಟ್ಟಿಲು ಹತ್ತಿದ. ಬಸ್ಸಿನಲ್ಲಿ ಯಾರೋ ಕೂಸೆಂದು ತಿಳಿದು ಎದ್ದು ಜಾಗ ಬಿಟ್ಟುಕೊಟ್ಟರಂತೆ.

"ಅಲ್ಲಿಂದಲೇ ನೆಟ್‌ನಲ್ಲಿ ಕಳಿಸಬಹುದಿತ್ತಲ್ಲ ಭಾವ," ಎಂದ ಅಳಿಯ.

"ನಿನ್ನ ನೆಟ್ಟು ಗಿಟ್ಟು ನಾನು ನಂಬಲ್ಲ. ತಗೋ, ಜೋಪಾನ. ಏನು ದೊಡ್ಡಮ್ಮ, ಚೆನ್ನಾಗಿದೀರಾ? ಇನ್ನೂ ಇವರಿಬ್ಬರ ಜೊತೆ ಏಗ್ತಾ ಇದೀರಾ?"

"ನಿನ್ನ ಜೊತೆ ಏಗೋದಕ್ಕಿಂತ ವಾಸಿ," ಎಂದೆ. ನನಗೆ ಬಹಳ ಸಂತೋಷವಾಗಿತ್ತು.

ಎರಡು ಕಂಪ್ಯೂಟರುಗಳ ನಡುವೆ ಅಳಿಯ ತಂತಿ ಎಳೆದ. ಪರದೆಯ ಮೇಲೆ ಅಕ್ಷರ ಓಡಿದವು. ಬೆರಳಚ್ಚು ಎಂದರೆ ಅರ್ಥವಿಲ್ಲದ ಉದ್ದನೆಯ ಅಕ್ಷರಮಾಲೆ. ಇದರದ್ದನ್ನೂ ನಮ್ಮಲ್ಲಿ ಬರೆದಿಟ್ಟದ್ದನ್ನೂ ಯಂತ್ರ ಪಕ್ಕಪಕ್ಕ ಇಟ್ಟು ನೋಡಿತು.

"ಒಂದೇ," ಎಂದ ಅಳಿಯ. "ಒಂದು ಚುಕ್ಕೆ ಕೂಡ ಬದಲಾಗಿಲ್ಲ."

"ಜೀವನದಲ್ಲಿ ಮೊದಲ ಸಲ ನಿನ್ನ ಸೋಮಾರಿತನ ಉಪಯೋಗಕ್ಕೆ ಬಂತು," ಎಂದಳು ಮಗಳು ಅಣ್ಣನಿಗೆ.

"ಸೋಮಾರಿತನ ಅಲ್ಲ, ನಿಷ್ಠೆ."

ಹೊಸ ವರ್ಷನ್ನಿನಲ್ಲಿ ಆಗಲೇ ಬೇರೆಯವರ ಹಲ್ಲಿನ ಕೆಲಸ ನಡೆದಿತ್ತು, ಅದನ್ನು ಕಿತ್ತುಹಾಕುವ ಹಾಗಿರಲಿಲ್ಲ. ಕೀಳುವ ಅಗತ್ಯವೂ ಇಲ್ಲವಂತೆ. ಎರಡು ವರ್ಷನ್ನುಗಳನ್ನೂ ಒಂದೇ ಯಂತ್ರದಲ್ಲಿ ಅಕ್ಕಪಕ್ಕ ಇಡಬಹುದು, ಒಂದು ಇನ್ನೊಂದನ್ನು ಮುಟ್ಟುವುದಿಲ್ಲ. ಅಳಿಯ 'ತುತ್ತೂರಿ' ಎಂಬ ಹೊಸ ಮಾಡ್ಯೂಲು ತೆರೆದ. ಈ ಒಬ್ಬರಿಗೆ ಮಾತ್ರ ಹಳೆಯ ಪ್ರೋಗ್ರಾಂ, ಈ ಒಬ್ಬರಿಗೆ ಮಾತ್ರ 'ಕಾಲು ಪಾಲು ದೊಡ್ಡದು ಮಾಡು' ಎಂಬ ಸಾಲು, ಉಳಿದವರಿಗೆಲ್ಲ ಹೊಸದು. ಮಗಳು ಅವನ ಎಡಭುಜದ ಹಿಂದೆ, ಅಣ್ಣ ಬಲಭುಜದ ಹಿಂದೆ ನಿಂತು ಒಂದೊಂದು ಸಾಲನ್ನೂ ಗಟ್ಟಿಯಾಗಿ ಓದಿಸಿದರು.

"ದೊಡ್ಡದು ಮಾಡೋದು ಇನ್ನೆಲ್ಲೂ ಇಲ್ಲ ತಾನೆ?"

"ಇಲ್ಲ."

"ನೋಡಿ ಹೇಳು," ಎಂದರು ಇಬ್ಬರೂ ಒಂದೇ ದನಿಯಲ್ಲಿ. ಆಮೇಲೆ ಬೇರೆ ಬೇರೆ ಕಡೆ ನೋಡಿದರು.

ಕೊರೆಯುವ ಯಂತ್ರ ಶುರುವಾದ ಮೇಲೆ ಅಣ್ಣನಿಗೆ ಮಾಡಲು ಕೆಲಸವಿರಲಿಲ್ಲ. ಸುಮ್ಮನೆ ಕೋಣೆ ಸುತ್ತಿದ. ಪಾಲಿಶ್ ಯಂತ್ರದ ಬೆಲ್ಟು ತಿಂಗಳಿಂದ ಸಡಿಲವಾಗಿ ಪಟಪಟ ಎನ್ನುತ್ತಿತ್ತು. ಅವನು ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದು ಅದನ್ನು ಬಿಗಿ ಮಾಡಿದ, ಯಾರಿಗೂ ಹೇಳಲಿಲ್ಲ. ಮಗಳು ನೋಡಿದಳು. ಸ್ವಲ್ಪ ಹೊತ್ತಿಗೆ ಅವನ ಮುಂದೆ ಕಾಫಿ ಬಂತು. ಸಕ್ಕರೆ ಹಾಕದೆ, ಅವನು ಕುಡಿಯುವ ಹಾಗೆ.

ಟ್ರೇಯಲ್ಲಿ ನಾಲ್ಕು ಹಲ್ಲು ಬಂದಾಗ ಈ ಸಲ ಎಲ್ಲರೂ ಅಳತೆಪಟ್ಟಿ ಹಿಡಿದು ನೋಡಿದೆವು, ಒಬ್ಬರಾದ ಮೇಲೆ ಒಬ್ಬರು. ತುತ್ತೂರಿಯವನೂ ನೋಡಿದ, ಏನು ನೋಡಬೇಕೆಂದು ಆತನಿಗೆ ಗೊತ್ತಿರಲಿಲ್ಲ, ಆದರೂ ಗಂಭೀರವಾಗಿ ತಲೆ ಆಡಿಸಿದ.

ಗುರುವಾರ ಬೆಳಿಗ್ಗೆ ಹ‍ಲ್ಲು ಕೂರಿಸಿದೆವು. ನೋಡಲು ಏನೇನೂ ಚೆಂದವಿರಲಿಲ್ಲ. ಅಂಚು ಒರಟು, ನಡುವೆ ಸಂದು. ತುತ್ತೂರಿಯವನು ನಾಲಿಗೆಯಿಂದ ತಡವಿ ನೋಡಿಕೊಂಡ. ಬಿಗಿದುಕೊಂಡಿದ್ದ ಭುಜ ಸಡಿಲವಾಯಿತು. ತುತ್ತೂರಿ ಎತ್ತಿ ತುಟಿಗಿಟ್ಟು ಊದಿದ.

ಒಂದೇ ಸ್ವರ. ಕಿಟಕಿಯ ಗಾಜು ನಡುಗಿತು. ಕೆಳಗಿನ ಮಹಡಿಯಲ್ಲಿ ಬಾಯಿ ತೆರೆದು ಕೂತಿದ್ದ ಯಾರೋ ಕಿಟಾರನೆ ಕಿರುಚಿದರು, ಡಾಕ್ಟರು ಮೇಲಿನವರಿಗೆ ಏನೋ ಬೈದರು. ಸ್ವರ ನಿಲ್ಲಲಿಲ್ಲ, ಅಲುಗಲೂ ಇಲ್ಲ. ಉಸಿರು ಮುಗಿದ ಮೇಲೆ ಆತ ತುತ್ತೂರಿ ಇಳಿಸಿ, "ಇದೇ," ಎಂದ. ಆಮೇಲೆ ಮೂಗು ಒರೆಸಿಕೊಂಡ. ಅಳಿಯ ಆಗ ತಾನೇ ಏನೋ ನೆನಪಾದವನಂತೆ ಒಳಕೋಣೆಗೆ ಹೋದ.

ಅಂದು ಮಧ್ಯಾಹ್ನ ನಾವು ಯಾರೂ ಕೆಲಸ ಮಾಡಲಿಲ್ಲ. ಮಾಡುವ ನಟನೆ ಮಾಡಿದೆವು. ಅಣ್ಣ ಕಂಪ್ಯೂಟರು ತೆಗೆದುಕೊಂಡು ಹೋಗಲು ಬಂದವನು, ಬಸ್ಸು ಇಲ್ಲ ಎಂದ. ಬಸ್ಸುಗಳು ಕಿಟಕಿಯ ಕೆಳಗೇ ಹೋಗುತ್ತಿದ್ದವು. ಹೊತ್ತು ಹೋಗದೆ ಅವನು ಅಳಿಯನ ಕುರ್ಚಿಯಲ್ಲಿ ಕೂತು, 'ತುತ್ತೂರಿ' ಮಾಡ್ಯೂಲು ತೆರೆದು, ಒಂದೊಂದೇ ಅಕ್ಷರ ಹುಡುಕಿ ಒತ್ತುತ್ತ ಏನೋ ಬರೆದ. ಹಾಗೆ ಬರೆಯಲು ಅವಕಾಶವಿದೆಯಂತೆ. ಯಂತ್ರ ಅದನ್ನು ಓದುವುದಿಲ್ಲ, ಮನುಷ್ಯರು ಓದಬಹುದು. ಅಳಿಯ ಬಗ್ಗಿ ನೋಡಿ ಗಟ್ಟಿಯಾಗಿ ಓದಿದ.

"'ಈ ಮೊಳೆ ಮುಟ್ಟಿದವರ ಹಲ್ಲು ಉದುರಲಿ.' ಭಾವ, ಇದೆಲ್ಲ ಇಲ್ಲಿ ಬರೆಯೋ ಹಾಗಿಲ್ಲ."

"ಇರಲಿ ಬಿಡು," ಎಂದಳು ಮಗಳು, ತಲೆ ಎತ್ತದೆ. "ಉದುರಿದ್ರೆ ಇಲ್ಲಿಗೇ ತಾನೆ ಬರಬೇಕು?"

ಫೋನು ಬಂದಾಗ ಮೂವರೂ ಒಟ್ಟಿಗೆ ಕೈ ಚಾಚಿದರು, ಸಿಕ್ಕಿದ್ದು ಮಗಳಿಗೆ. ಆ ಕಡೆಯಿಂದ ಗದ್ದಲ, ಕುರ್ಚಿ ಎಳೆಯುವ ಸದ್ದು, ಯಾರೋ ಪಿಟೀಲು ಶ್ರುತಿ ಮಾಡುವ ಸದ್ದು. ಆಮೇಲೆ ತುತ್ತೂರಿಯವನ ದನಿ.

"ಉಳೀತು ಮೇಡಂ."

"ಮೊದಲನೇ ಕುರ್ಚಿನಾ?"

"ಇಲ್ಲ, ಎರಡನೇದು. ನಂದು ಯಾವಾಗಲೂ ಎರಡನೇದೇ. ಅದೇ ನನ್ನ ಕುರ್ಚಿ."

ಮಗಳು ಫೋನಿಟ್ಟು ಬೇಸಿನ್ನಿಗೆ ಹೋಗಿ ಮುಖ ತೊಳೆದುಕೊಂಡಳು, ಬಹಳ ಹೊತ್ತು. ಅಣ್ಣ ಟವೆಲ್ಲು ಹರಡಿ ಕಂಪ್ಯೂಟರನ್ನು ಸುತ್ತತೊಡಗಿದ. ಅಳಿಯ ಸಹಾಯಕ್ಕೆ ಹೋದವನು, "ಭಾವ, ಹೇಗೂ ಇಲ್ಲೇ ಇದೆ, ಐದೇ ನಿಮಿಷ. ಎಲ್ಲ ಹೊಸದು ಹಾಕಿಕೊಡ್ತೀನಿ. ಪರದೆ ತಿಳಿ ನೀಲಿ, ನೋಡೋದಕ್ಕೆ—" ಎಂದು ಆಸೆಯಿಂದ ತಂತಿ ಎತ್ತಿಕೊಂಡ.

ಮಗಳು ಒದ್ದೆ ಮುಖದಲ್ಲೇ ಬಂದು ತಂತಿಯನ್ನು ಅವನ ಕೈಯಿಂದ ತೆಗೆದುಕೊಂಡಳು.

"ಅವನದ್ದಕ್ಕೆ ಕೈ ಹಾಕಬೇಡ," ಎಂದಳು. "ಅದು ಇದ್ದ ಹಾಗೇ ಇರಲಿ."

ಆಮೇಲೆ ಬಾಗಿಲು ಹಿಡಿದು ನಿಂತಳು. ಅಣ್ಣ ಎರಡೂ ಕೈಯಲ್ಲಿ ಕೂಸನ್ನೆತ್ತಿಕೊಂಡು ಹೊರಬರುವಾಗ, "ಮೆಟ್ಟಿಲು ನೋಡ್ಕೊಂಡು ಇಳಿ," ಎಂದಳು.